ಒಂದೂವರೆ ಪಟ್ಟು ವೇಗ

ಫೆಬ್ರವರಿ ೩

ಅಪ್ಪ,

ಕೂತುಕೊಂಡು ಓದು. ಕೈಯಲ್ಲಿ ಬೆಸುಗೆ ಕಡ್ಡಿ ಇದ್ದರೆ ಮೊದಲು ಕೆಳಗಿಡು. ನಮ್ಮ ಹಾಡನ್ನು ಒಂದು ಕಂಪನಿ ತೆಗೆದುಕೊಂಡಿದೆ! ಒಂದೇ ಹಾಡು, ಅದಕ್ಕೊಂದು ವಿಡಿಯೊ. ಜನ ಮೆಚ್ಚಿದರೆ ಪೂರ್ತಿ ಆಲ್ಬಂ, ಇಲ್ಲದಿದ್ದರೆ ನಮ್ಮ ದಾರಿ ನಮಗೆ.

ತಂಡದಲ್ಲಿ ಈಗಲೂ ಮೂವರೇ. ಡ್ರಮ್ಸ್‌ಗೆ ಗುಂಡ. ಒಮ್ಮೆ ಮನೆಗೆ ಬಂದು ಅಮ್ಮನ ಕುರ್ಚಿ ಮುರಿದನಲ್ಲ, ಅವನೇ. ಬೇಸ್ ಗಿಟಾರಿಗೆ ಮೌನಿ. ಮೂರು ವರ್ಷದಲ್ಲಿ ಅವಳು ಒಟ್ಟು ಮೂವತ್ತು ಮಾತಾಡಿರಬಹುದು. ಗಿಟಾರಿಗೂ ಹಾಡಿಗೂ ನಾನು. ಇದನ್ನು ಗ್ರಂಜ್ ರಾಕ್ ಅನ್ನುತ್ತಾರೆ. ರಿಪೇರಿಗೆ ಬಂದ ರೇಡಿಯೊದಿಂದ ಯಾವ ಕರಕರ ಸದ್ದನ್ನು ತೆಗೆಯಲು ನೀನು ದಿನವೆಲ್ಲ ಒದ್ದಾಡುತ್ತೀಯೋ, ಅದನ್ನೇ ನಾವು ಬೇಕೆಂದು ಗಿಟಾರಿಗೆ ತುಂಬುತ್ತೇವೆ. ಮೊದಲು ಪಿಸುಗುಟ್ಟುತ್ತೇವೆ, ಆಮೇಲೆ ಗೋಡೆ ಬೀಳುವ ಹಾಗೆ ಕಿರುಚುತ್ತೇವೆ. ನಗಬೇಡ.

ನಿನ್ನಿಂದ ಒಂದು ಉಪಕಾರ ಆಗಬೇಕು. ನನಗೆ ಆರು ವರ್ಷವಿದ್ದಾಗ ಅಂಗಡಿಯಲ್ಲಿ ಸ್ಟೂಲಿನ ಮೇಲೆ ನಿಲ್ಲಿಸಿ ನನ್ನ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡಿದ್ದೆಯಲ್ಲ, ಹಸಿರು ಚೀಟಿ ಅಂಟಿಸಿದ ಕ್ಯಾಸೆಟ್, ಅದನ್ನು ಕಳಿಸು. ನಮ್ಮ ಹಾಡು ಆ ದನಿಯಿಂದ ಶುರುವಾಗಬೇಕು ಅಂತ ನನ್ನ ಆಸೆ. ಹನ್ನೊಂದನೇ ವಯಸ್ಸಿನಲ್ಲಿ ಗಂಟಲಿನ ಗಂಟು ತೆಗೆಸಿದ ಮೇಲೆ ಬಂದ ಈ ಒಡಕು ದನಿಯನ್ನು ಎಲ್ಲರೂ ಕೇಳಿದ್ದಾರೆ. ಅದಕ್ಕೆ ಮುಂಚಿನದು ಆ ಕ್ಯಾಸೆಟ್ಟಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ.

ಅಮ್ಮನಿಗೆ ಹೇಳು, ಚೆನ್ನಾಗಿ ಉಣ್ಣುತ್ತಿದ್ದೇನೆ.

ಗುಬ್ಬಿ (ಈಗ ಕಾಗೆ)

*

ಫೆಬ್ರವರಿ ೧೩

ಗುಬ್ಬಿ,

ನೀನು ಹೇಳಿದಂತೆ ಬೆಸುಗೆ ಕಡ್ಡಿ ಕೆಳಗಿಟ್ಟೇ ಓದಿದೆ. ಖುಷಿಯಲ್ಲಿ ಇಟ್ಟದ್ದು ಗಿರಾಕಿಯ ರೇಡಿಯೊದ ಮೇಲೆ. ಅದರ ನೆತ್ತಿಯಲ್ಲಿ ಈಗೊಂದು ತೂತಿದೆ. ಗಾಳಿಯಾಡಲಿ ಅಂತ ಮಾಡಿದ್ದು ಎಂದು ಅವನನ್ನು ನಂಬಿಸಬೇಕು.

ನಿನ್ನಮ್ಮ ಕಾಗದವನ್ನು ಎರಡು ಸಲ ಓದಿಸಿಕೊಂಡು, "ಟಿವೀಲಿ ಬರ್ತಾಳಾ? ಹಾಗಾದ್ರೆ ಆವತ್ತಾದ್ರೂ ತಲೆ ಬಾಚ್ಕೊಳೋಕೆ ಹೇಳಿ" ಎಂದಳು. ಹೇಳಿದ್ದೇನೆ.

ಆಂಪ್ಲಿಫೈಯರಿನಲ್ಲಿ ಗುಂಯ್ ಎಂದು ಸದ್ದು ಬಂದರೆ ಮೊದಲು ಅರ್ಥಿಂಗ್ ನೋಡು. ಒದ್ದೆ ಕೈಯಲ್ಲಿ ಮೈಕ್ ಮುಟ್ಟಬೇಡ. ಗುಂಡನನ್ನು ಗಟ್ಟಿ ಕುರ್ಚಿಯಲ್ಲಿ ಕೂರಿಸಿ.

ಕ್ಯಾಸೆಟ್ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇರಬೇಕು. ಏಣಿ ಹತ್ತಲು ನನ್ನ ಮಂಡಿ ಒಪ್ಪುತ್ತಿಲ್ಲ. ನೋಡೋಣ.

ಅಪ್ಪ

*

ಫೆಬ್ರವರಿ ೨೪

ಅಪ್ಪ,

ರೆಕಾರ್ಡಿಂಗ್ ಶುರುವಾಗಿ ಐದು ದಿನವಾಯಿತು. ಸ್ಟುಡಿಯೊ ಎಂದರೆ ಒಂದು ಹಳೆಯ ಉಗ್ರಾಣ. ಗೋಡೆಗೆ ಹಳೆಯ ಜಮಖಾನೆ ನೇತುಹಾಕಿದ್ದಾರೆ. ನನ್ನ ಆಂಪ್ಲಿಫೈಯರನ್ನು ಬಚ್ಚಲಲ್ಲಿಟ್ಟು ಬಾಗಿಲು ಹಾಕಿದ್ದಾರೆ, ಟೈಲ್ಸ್ ಗೋಡೆಗೆ ಬಡಿದು ಬರುವ ಸದ್ದು ಬೇಕಂತೆ. ಗುಂಯ್ ಅನ್ನುತ್ತಿದೆ. ಅರ್ಥಿಂಗ್ ನೋಡೋಣವೇ ಎಂದು ಇಂಜಿನಿಯರನ್ನು ಕೇಳಿದರೆ, "ಅಯ್ಯೋ ಮುಟ್ಟಬೇಡಿ, ಅದೇ ಚಂದ" ಎಂದ. ನಿನ್ನ ಮಾನ ಹೋಯಿತು.

ಮೊನ್ನೆ ಮೊದಲ ಸಲ ಎಲ್ಲವನ್ನೂ ಕೂಡಿಸಿ ಕೇಳಿಸಿದರು. ಅಪ್ಪ, ನಾವು ಮೂವರೂ ನೆಲದ ಮೇಲೆ ಕೂತುಬಿಟ್ಟೆವು. ಮೌನಿಯ ಬೇಸ್ ನೆಲದಿಂದ ಬೆನ್ನಿಗೆ ಹತ್ತುತ್ತಿತ್ತು. ಗುಂಡನ ಒಂದೊಂದು ಏಟಿಗೂ ಮೇಜಿನ ಮೇಲಿನ ಲೋಟದಲ್ಲಿ ನೀರು ನಡುಗುತ್ತಿತ್ತು. ನನ್ನ ಗಿಟಾರು ಎಲ್ಲಿತ್ತೋ, ನಾನು ನುಡಿಸಿದ್ದು ಅದಲ್ಲವೇ ಅಲ್ಲ, ನನಗಿಂತ ಹತ್ತು ಪಟ್ಟು ದೊಡ್ಡದು ಯಾವುದೋ ನನ್ನ ಬೆರಳು ಬಳಸಿಕೊಂಡು ಬಂದಿತ್ತು. ಮೌನಿ ಅತ್ತಳು. ಮೂವತ್ತೊಂದನೇ ಮಾತಾಗಿ "ಇದು ನಾವಾ?" ಎಂದಳು.

ಇನ್ನು ಕೆಟ್ಟ ಸುದ್ದಿ. ಕಂಪನಿಯ ಯಜಮಾನರು ಬಂದು ಕೇಳಿದರು. ಸಂಗೀತ ಒಪ್ಪಿದರು, ಪಲ್ಲವಿಗೆ ಮೂಗು ಮುರಿದರು. "ಬೇರೆ ಸಾಲೆಲ್ಲ ನೀವೇ ಹಾಡಿ. ಪಲ್ಲವಿ ಮಾತ್ರ ಬೇರೆಯವ್ರ ಹತ್ರ ಹಾಡಿಸೋಣ. ಸ್ವಲ್ಪ ನಯವಾಗಿರುತ್ತೆ" ಎಂದರು. ಪಲ್ಲವಿಯೆಂದರೆ ಒಂದೇ ಮಾತು, ನಾಲ್ಕು ಸಲ. ಏನೆಂದು ಈಗ ಹೇಳುವುದಿಲ್ಲ. ಆದರೆ ಆ ಮಾತನ್ನು ಬೇರೆಯವರು ಹೇಳಿದರೆ ಈ ಹಾಡಿನಲ್ಲಿ ನನಗೇನೂ ಉಳಿಯುವುದಿಲ್ಲ. ಮಾರ್ಚ್ ಕೊನೆಯ ಹೊತ್ತಿಗೆ ತೀರ್ಮಾನವಾಗಬೇಕು.

ಅದಕ್ಕೇ ಆ ಕ್ಯಾಸೆಟ್ ಬೇಕು. ಅದನ್ನು ಕೇಳಿಸಿ, "ನಯವಾದ ದನಿ ನನಗೂ ಇತ್ತು, ಅದು ಹೋಗಿ ಇದು ಬಂತು, ನಾನು ಹಾಡಿರೋದೇ ಅದನ್ನ" ಎಂದು ಅವರಿಗೆ ಹೇಳಬೇಕು. ನಿನ್ನ ಮಂಡಿಗೆ ನೋವಾದರೆ ಅಮ್ಮ ಏಣಿ ಹತ್ತಲಿ. ಬೇಗ.

ಗುಬ್ಬಿ

*

ಮಾರ್ಚ್ ೫

ಗುಬ್ಬಿ,

ಕ್ಯಾಸೆಟ್ ಸಿಕ್ಕಿತು. ಟೇಪಿಗೆ ಪೂರ್ತಿ ಬೂಸ್ಟು ಹಿಡಿದಿದೆ. ಒರೆಸಿ ನೋಡಿದೆ, ಏನೂ ಕೇಳುತ್ತಿಲ್ಲ. ಬೇರೆ ದಾರಿ ನೋಡಿಕೋ ಮಗಳೇ.

ಇಲ್ಲಿ ಎಲ್ಲರೂ ಆರಾಮ. ತೂತಿನ ರೇಡಿಯೊದವನು ನಂಬಿದ.

ಅಪ್ಪ

*

ಮಾರ್ಚ್ ೧೫

ಅಪ್ಪ,

ನಾಲ್ಕು ಸಾಲು ಬರೆದಿದ್ದೀಯ. ಅದರಲ್ಲೂ ಒಂದು ತೂತಿನ ರೇಡಿಯೊಗೆ ಹೋಗಿದೆ.

ಊರೆಲ್ಲರ ಕ್ಯಾಸೆಟ್ಟುಗಳ ಬೂಸ್ಟು ಬಿಡಿಸಿ ಕೊಡುವವನು ನೀನು. ನೀರಿಗೆ ಬಿದ್ದ ಟೇಪನ್ನು ಹಗ್ಗಕ್ಕೆ ಹಾಕಿ ಒಣಗಿಸಿ ಹಾಡಿಸಿದವನು. ನನ್ನದೊಂದಕ್ಕೆ ಮಾತ್ರ ಮದ್ದಿಲ್ಲವೇ? ಬಿಸಾಕಿದ್ದರೆ ಬಿಸಾಕಿದೆ ಅನ್ನು. ನನಗೆ ಗೊತ್ತಿಲ್ಲದ್ದೇನಲ್ಲ. ಆಪರೇಷನ್ ಆಗಿ ಮೂರು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದು, ಮೊದಲ ಸಲ ನಿನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ನಿಂತು ಹಾಡಿದೆ. ಎರಡು ಸಾಲು ಮುಗಿದಿರಲಿಲ್ಲ. ನೀನು "ಸಾಕು" ಅಂದು ಎದ್ದು ಹೊರಗೆ ಹೋದೆ. ಆಮೇಲೆ ಹದಿನೈದು ವರ್ಷ ನಿನ್ನ ಎದುರು ಹಾಡಲು ಬಾಯಿ ಬಿಟ್ಟಿಲ್ಲ. ತಾರಸಿಯಲ್ಲಿ ಹಾಡುತ್ತಿದ್ದೆ. ನಾನು ಶುರು ಮಾಡಿದ ಕೂಡಲೇ ಕೆಳಗೆ ಅಂಗಡಿಯ ರೇಡಿಯೊಗಳೆಲ್ಲ ಬಂದ್ ಆಗುತ್ತಿದ್ದವು. ಅಂಗಡಿ ಮುಚ್ಚಿ ಎದ್ದು ಹೋಗುವಷ್ಟು ಅಸಹ್ಯವಾಗಿತ್ತೇ ಅಪ್ಪ?

ಇವತ್ತು ವಿಡಿಯೊದ ಶೂಟಿಂಗ್. ಪಾಳುಬಿದ್ದ ಈಜುಕೊಳದ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ನಿರ್ದೇಶಕಿ ಕೂಗುತ್ತಿದ್ದಾಳೆ. ಇದರ ಜೊತೆ ಹಾಡಿನ ಕ್ಯಾಸೆಟ್ ಇಟ್ಟಿದ್ದೇನೆ, ಇಲ್ಲಿ ಮೇಜಿನ ಮೇಲಿದ್ದದ್ದನ್ನೇ ತೆಗೆದು ಹಾಕಿದೆ. ಇದೇ ನನ್ನ ದನಿ. ಕೇಳಲಾಗದಿದ್ದರೆ ಪೂರ್ತಿ ಕೇಳಬೇಡ.

*

ಮಾರ್ಚ್ ೨೨

ಗುಬ್ಬಿ,

ನಿನ್ನ ಕಾಗದವನ್ನು ಅಮ್ಮನಿಗೂ ತೋರಿಸದೆ ಜೇಬಿನಲ್ಲಿಟ್ಟುಕೊಂಡೆ. ಮರುದಿನ ಬೆಳಗ್ಗೆ ಗಿರಾಕಿಗಳು ಬರುವ ಮೊದಲು, ಅಂಗಡಿಯ ಬಾಗಿಲನ್ನು ಅರ್ಧ ಎತ್ತಿ, ಕ್ಯಾಸೆಟ್ ಹಾಕಿದೆ.

ಡ್ರಮ್ಮು ಬಿದ್ದಂಬೀಳ ಓಡುತ್ತಿತ್ತು. ಇದೇನು ಈ ಅವಸರ ಅಂದುಕೊಂಡೆ. ಅಷ್ಟರಲ್ಲಿ ದನಿ ಬಂತು. ಗುಬ್ಬಿ, ಅದು ನೀನು. ಆರು ವರ್ಷದ ನೀನು. ಸ್ಟೂಲಿನ ಮೇಲೆ ಎರಡೂ ಕೈ ಬೆನ್ನಿಗೆ ಕಟ್ಟಿ ನಿಂತ ನೀನು. ಒಳಮನೆಯಿಂದ ನಿನ್ನಮ್ಮ ಸೋಪಿನ ನೊರೆಯ ಕೈಯಲ್ಲೇ ಓಡಿ ಬಂದಳು. "ರೀ, ಕ್ಯಾಸೆಟ್ ಸಿಕ್ತಾ?" ಎಂದಳು. ಅಷ್ಟು ಹೊತ್ತಿಗೆ ಪಲ್ಲವಿ ಬಂತು. ಸಾಕಾ, ಸಾಕಾ, ಸಾಕಾ, ಸಾಕಾ. ನಿನ್ನಮ್ಮ ಅಲ್ಲೇ ಗೋಡೆಗೆ ಒರಗಿ ಕೂತಳು. ಪ್ರತಿ ಹಾಡು ಮುಗಿದಾಗಲೂ ನೀನು "ಅಪ್ಪ, ಸಾಕಾ?" ಅನ್ನುತ್ತಿದ್ದೆ. ನಾನು "ಇನ್ನೊಂದ್ಸಲ" ಅನ್ನುತ್ತಿದ್ದೆ. ಸಂಜೆತನಕ ಅದೇ ಆಟ.

ಈಗ ನಿಜ ಹೇಳುತ್ತೇನೆ. ಹಸಿರು ಚೀಟಿಯ ಕ್ಯಾಸೆಟ್ಟಿಗೆ ಬೂಸ್ಟು ಹಿಡಿದಿಲ್ಲ. ನಿನ್ನ ಆಪರೇಷನ್ನಿನ ದಿನ, ನಿನಗೆ ಎಚ್ಚರವಾದಾಗ ಕೇಳಿಸೋಣ ಎಂದು ಅದನ್ನು ಮೇಜಿನ ಮೇಲೆ ತೆಗೆದಿಟ್ಟಿದ್ದೆ. ಆಸ್ಪತ್ರೆಗೆ ಒಯ್ಯಲು ಸಣ್ಣ ಟೇಪ್ ರೆಕಾರ್ಡರ್ ಒಂದನ್ನು ಸರಿಮಾಡುತ್ತಿದ್ದೆ. ಯಂತ್ರ ಸರಿಯಾಯಿತೇ ಎಂದು ನೋಡಲು ಕೈಗೆ ಸಿಕ್ಕ ಕ್ಯಾಸೆಟ್ ಹಾಕಿ, ರೆಕಾರ್ಡ್ ಒತ್ತಿ, ಒಂದರಿಂದ ಎಣಿಸುವುದು ನನ್ನ ಅಭ್ಯಾಸ. ನಿನಗೆ ಗೊತ್ತಲ್ಲ. ನನ್ನ ಕೈ ಅವತ್ತೂ ಅದನ್ನೇ ಮಾಡಿತು. ನಾಲ್ಕರವರೆಗೆ ಎಣಿಸಿದ್ದೆ, ಆಸ್ಪತ್ರೆಯಿಂದ ಫೋನ್ ಬಂತು, ಯಂತ್ರವನ್ನು ಹಾಗೇ ಬಿಟ್ಟು ಓಡಿದೆ. ವಾಪಸು ಬಂದಾಗ ಟೇಪು ಕೊನೆ ಮುಟ್ಟಿತ್ತು. ನಿನ್ನ ಹಾಡಿದ್ದ ಜಾಗದಲ್ಲಿ ನನ್ನ ಎಣಿಕೆ, ಆಮೇಲೆ ಖಾಲಿ ಅಂಗಡಿಯ ಸದ್ದು.

ಡಾಕ್ಟರು ಇನ್ನು ಮುಂಚಿನ ದನಿ ಬರಲಿಕ್ಕಿಲ್ಲ ಅಂದದ್ದೂ ಅದೇ ದಿನ. ಮೂರು ತಿಂಗಳು ಬಿಟ್ಟು ನೀನು ಬಂದು ಸ್ಟೂಲು ಹತ್ತಿದೆ. ನಿನ್ನ ದನಿ ನನಗೆ ಕೆಟ್ಟದಾಗಿ ಕೇಳಲಿಲ್ಲ ಮಗಳೇ. ಉಳಿದಿದ್ದ ಒಂದನ್ನೂ ಅಳಿಸಿದ್ದು ಈ ಕೈ ಎಂದು ನಿನ್ನ ಮುಖ ನೋಡಲಾಗಲಿಲ್ಲ. "ಇನ್ನೊಂದ್ಸಲ" ಅನ್ನಬೇಕಾದ ಬಾಯಲ್ಲಿ "ಸಾಕು" ಬಂತು. ಹೊರಗೆ ಹೋಗಿ ಅತ್ತೆ. ನಿನ್ನಮ್ಮನಿಗೂ ಇದನ್ನು ಹೇಳಿರಲಿಲ್ಲ. ನಿನ್ನೆ ಹೇಳಿದೆ. ಅವಳು ಇನ್ನೂ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಅದು ನ್ಯಾಯವೇ.

ಇನ್ನು ರೇಡಿಯೊಗಳ ವಿಷಯ. ನೀನು ತಾರಸಿಯಲ್ಲಿ ಹಾಡುವಾಗ ನಾನೇ ಅವನ್ನೆಲ್ಲ ಆಫ್ ಮಾಡುತ್ತಿದ್ದೆ. ಎಲ್ಲಿಗೂ ಎದ್ದು ಹೋಗುತ್ತಿರಲಿಲ್ಲ. ನಿನ್ನ ಹಾಡು ಕೇಳಿಸಿಕೊಳ್ಳಲು ಆಫ್ ಮಾಡುತ್ತಿದ್ದೆ. ಗಿರಾಕಿಗಳು "ಕರೆಂಟ್ ಹೋಯ್ತಾ?" ಅಂತಿದ್ದರು. ಹೂಂ ಅಂತಿದ್ದೆ.

ಇರಲಿ, ಕ್ಯಾಸೆಟ್ಟಿಗೆ ಬರುತ್ತೇನೆ. ಮೊದಲು ನನ್ನ ಯಂತ್ರವೇ ಜೋರಾಗಿ ಓಡುತ್ತಿದೆ ಅಂದುಕೊಂಡೆ. ಬಿಚ್ಚಿ ಬೆಲ್ಟು ಬದಲಾಯಿಸಿದೆ. ಅದೇ ದನಿ. ಇನ್ನೆರಡು ಯಂತ್ರಕ್ಕೆ ಹಾಕಿದೆ. ಅದೇ. ಅಂದಮೇಲೆ ಕ್ಯಾಸೆಟ್ಟೇ ಅವಸರದ್ದು. ನಿಮ್ಮ ಇಂಜಿನಿಯರ್ ಅವತ್ತು ತೂಕಡಿಸುತ್ತಿದ್ದನೋ ಏನೋ. ಮೋಟರಿನ ಬೆನ್ನಿಗೆ ವೇಗ ಹೊಂದಿಸುವ ಸಣ್ಣ ತಿರುಪು ಇರುತ್ತದೆ. ಅದನ್ನು ಹಿಂದಕ್ಕೆ ತಿರುಗಿಸುತ್ತ ಕೂತೆ. ಸ್ವಲ್ಪ ತಿರುಗಿಸಿದೆ, ನಿನಗೆ ಏಳಾಯಿತು. ಮುಂದಿನ ಹಲ್ಲು ಬಿದ್ದ ವರ್ಷ. ಇನ್ನೂ ಸ್ವಲ್ಪ, ಎಂಟು. ನನ್ನ ಬೆರಳ ತುದಿಯಲ್ಲಿ ನೀನು ಬೆಳೆಯುತ್ತಿದ್ದೆ ಗುಬ್ಬಿ. ನಲವತ್ತು ವರ್ಷದಿಂದ ಇದೇ ತಿರುಪನ್ನು ತಿರುಗಿಸುತ್ತ ಬಂದಿದ್ದೇನೆ. ಅದರೊಳಗೆ ಇಂಥದ್ದೊಂದು ಇದೆ ಎಂದು ನನಗೆ ಗೊತ್ತಿರಲಿಲ್ಲ.

ಹತ್ತಕ್ಕೆ ಬಂದಾಗ ತಿರುಪು ಕೊನೆ ಮುಟ್ಟಿತು. ಆಪರೇಷನ್ನಿಗೆ ಹಿಂದಿನ ವರ್ಷ. ಅಲ್ಲಿ ಸುಮಾರು ಹೊತ್ತು ಕೂತಿದ್ದೆ. ಅಲ್ಲಿಗೇ ಬಿಟ್ಟು ಜೀವನಪೂರ್ತಿ ಅದನ್ನೇ ಕೇಳಿಕೊಂಡು ಇರಬಹುದಿತ್ತು, ಆಸೆಯೂ ಆಯಿತು. ಆದರೆ ಹಾಡುತ್ತಿದ್ದವಳು ನೀನಲ್ಲವಲ್ಲ. ನೀನು ಇನ್ನೂ ಕೆಳಗೆಲ್ಲೋ ಇದ್ದೆ. ಮೋಟರನ್ನು ಬಿಚ್ಚಿ, ವೇಗ ಕಾಯುವ ಭಾಗವನ್ನೇ ತೆಗೆದು, ಹಳೆಯ ರೇಡಿಯೊದ ವಾಲ್ಯೂಮಿನ ತಿರುಗುಣಿಯನ್ನು ಮೋಟರಿನ ತಂತಿಗೆ ಕೂಡಿಸಿದೆ. ಈಗ ಎಷ್ಟು ಬೇಕಾದರೂ ನಿಧಾನ ಮಾಡಬಹುದಿತ್ತು. ತಿರುಗಿಸಿದೆ. ದನಿ ಅಗಲವಾಯಿತು. ಬಿರುಕುಗಳು ಒಂದೊಂದೇ ಕಾಣಿಸಿಕೊಂಡವು. ಡ್ರಮ್ಮು ತೂಕಕ್ಕೆ ಬಂತು. ಆಮೇಲೆ ಒಂದು ಕಡೆ ನನ್ನ ಕೈ ತಾನಾಗಿ ನಿಂತಿತು. ಅಲ್ಲಿ ನೀನಿದ್ದೆ. ನಾನು ಎದ್ದು ನಿಂತುಬಿಟ್ಟೆ, ದೊಡ್ಡವರು ಯಾರೋ ಅಂಗಡಿಯೊಳಗೆ ಬಂದ ಹಾಗೆ.

ಎರಡನೇ ಸಲ ಮಾಡುವಾಗ, ಆರು ವರ್ಷದಿಂದ ಇಲ್ಲಿಯವರೆಗೆ, ತಿರುಗುಣಿಯನ್ನು ನಿಧಾನ ತಿರುಗಿಸುತ್ತ ಪಕ್ಕದ ಯಂತ್ರದಲ್ಲಿ ತುಂಬಿಕೊಂಡೆ. ಅದನ್ನು ಕಳಿಸುತ್ತಿದ್ದೇನೆ. ಹಸಿರು ಚೀಟಿಯದ್ದೂ ಜೊತೆಗಿದೆ. ಅದರಲ್ಲಿ ನಿನಗೆ ಬೇಕಾದದ್ದು ಏನೂ ಇಲ್ಲ, ಆದರೂ ಅದು ನಿನ್ನದು. ಬಯ್ಯುವುದಿದ್ದರೆ ಬಯ್ದು ಬರೆ.

ಅಪ್ಪ

*

ಮಾರ್ಚ್ ೩೦

ಅಪ್ಪ,

ಇಂಜಿನಿಯರ್ ತೂಕಡಿಸಿರಲಿಲ್ಲ. ತಪ್ಪು ನನ್ನದು. ಕೈಗೆ ಸಿಕ್ಕ ಕ್ಯಾಸೆಟ್ ತೆಗೆಯುವ ಅಭ್ಯಾಸ ಯಾರಿಂದ ಬಂತೋ!

ನಮ್ಮ ನಿರ್ದೇಶಕಿಗೆ ವಿಡಿಯೊದಲ್ಲಿ ಎಲ್ಲವೂ ಕನಸಿನ ಹಾಗೆ ನಿಧಾನವಾಗಿ ಚಲಿಸಬೇಕು, ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂಡಬೇಕು. ಅದಕ್ಕೆ ಕ್ಯಾಮೆರಾವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತಾರೆ. ಹಾಡನ್ನೂ ಒಂದೂವರೆ ಪಟ್ಟು ವೇಗದಲ್ಲಿ ಹಾಕುತ್ತಾರೆ, ನಾವು ಅದರ ಹಿಂದೆ ಬಿದ್ದು ಹುಚ್ಚರ ಹಾಗೆ ಹಾಡಬೇಕು. ಗುಂಡನ ಕೋಲು ಎರಡು ಸಲ ಕೈಜಾರಿ ಹಾರಿತು. ಆಮೇಲೆ ಚಿತ್ರವನ್ನು ಮಾಮೂಲಿ ವೇಗದಲ್ಲಿ ತೋರಿಸಿ, ನಿಜವಾದ ಹಾಡನ್ನು ಕೂಡಿಸಿದರೆ ಎಲ್ಲ ನಿಧಾನ, ತುಟಿ ಮಾತ್ರ ಸರಿ. ನಿನಗೆ ಬಂದದ್ದು ಶೂಟಿಂಗಿಗೆ ಮಾಡಿದ ಆ ವೇಗದ ಕ್ಯಾಸೆಟ್. ಮಾಮೂಲಿನದ್ದು ಪಕ್ಕದಲ್ಲೇ ಇತ್ತು.

ನಾನೂ ಒಂದು ಮುಚ್ಚಿಟ್ಟಿದ್ದೆ. ಈಜುಕೊಳದಿಂದ ಆ ಕಾಗದ ಬರೆಯುವ ಹಿಂದಿನ ದಿನವೇ ಪಲ್ಲವಿ ಬಿಟ್ಟುಕೊಡಲು ಒಪ್ಪಿಬಿಟ್ಟಿದ್ದೆ. ಅಪ್ಪನೇ ಕೇಳದ ದನಿಯನ್ನು ಊರು ಯಾಕೆ ಕೇಳಬೇಕು ಅನ್ನಿಸಿತ್ತು. ನಿನ್ನ ಪೊಟ್ಟಣ ಬಂದ ದಿನ ಪಲ್ಲವಿ ಹಾಡಬೇಕಿದ್ದ ಗಾಯಕಿಯೂ ಬಂದಿದ್ದಳು. ಒಳ್ಳೆಯವಳು, ಹಾಲಿನಂಥ ದನಿ. ಯಜಮಾನರೂ ಇದ್ದರು. ನಿನ್ನ ಕಾಗದವನ್ನು ಬಚ್ಚಲಲ್ಲಿ, ಆಂಪ್ಲಿಫೈಯರಿನ ಮೇಲೆ ಕೂತು ಓದಿದೆ. ಹೊರಗೆ ಬಂದು ಇಂಜಿನಿಯರಿನ ಕೈಗೆ ನಿನ್ನ ಕ್ಯಾಸೆಟ್ ಕೊಟ್ಟು, ಹಾಕು ಎಂದೆ.

ಅಪ್ಪ, ಆರು ವರ್ಷದ ನಾನು ಆ ದೊಡ್ಡ ಸ್ಪೀಕರುಗಳಿಂದ ಹಾಡಿದೆ. ನೀನು ತಿರುಗಿಸುತ್ತ ಹೋದೆ. ಏಳು, ಎಂಟು, ಹತ್ತು. ಹತ್ತರಲ್ಲಿ ಒಂದು ಗಳಿಗೆ ನಿಂತೆ, ಅದೂ ಕೇಳಿಸಿತು. ಆಮೇಲೆ ಇಳಿಯಿತು, ಇಳಿಯಿತು, ಒಡೆಯಿತು, ನಿಂತಿತು. ಇಂಜಿನಿಯರ್ ನಮ್ಮ ಮೂಲ ಟೇಪನ್ನು ತೆಗೆದು ಇನ್ನೊಂದು ಯಂತ್ರಕ್ಕೆ ಹಾಕಿ, ನೀನು ನಿಲ್ಲಿಸಿದ ಜಾಗದಿಂದ ಎರಡನ್ನೂ ಒಟ್ಟಿಗೆ ಬಿಟ್ಟ. ಒಂದೇ ದನಿ. ನಾಲ್ಕನೇ ಸಾಲಿನ ಕೊನೆಗೆ ಬರುವಾಗ ನಿನ್ನದು ಅರ್ಧ ಉಸಿರಿನಷ್ಟು ಹಿಂದೆ ಬಿತ್ತು, ಅಷ್ಟೇ.

"ನಿಮ್ಮಪ್ಪನ ಹತ್ರ ವೇಗ ಅಳೆಯೋಕೆ ಯಾವ ಮೀಟರ್ ಇದೆ?" ಎಂದ.

"ಮೀಟರ್ ಇಲ್ಲ" ಎಂದೆ.

"ಹಾಗಾದ್ರೆ ಮೂಲ ಹಾಡು ಕೇಳಿರ್ಬೇಕು."

"ಕೇಳಿಲ್ಲ. ತಾರಸಿಯಿಂದ ಕೇಳ್ತಿದ್ದದ್ದು ಅಷ್ಟೇ" ಎಂದೆ. ಹದಿನೈದು ವರ್ಷ ನಾನು ಮುಚ್ಚಿದ ಬಾಗಿಲಿಗೆ ಹಾಡಿದೆ ಅಂದುಕೊಂಡಿದ್ದೆ. ನೀನು ನನ್ನನ್ನು ಕೂದಲೆಳೆಯಷ್ಟೂ ತಪ್ಪದ ಹಾಗೆ ಕೇಳಿಸಿಕೊಂಡಿದ್ದೆ.

ಆ ಗಾಯಕಿ ತನ್ನ ಚೀಲ ಹೆಗಲಿಗೇರಿಸಿ, "ಇದನ್ನ ನಾನು ಹಾಡಲ್ಲ. ಇದು ಇವರದ್ದು" ಎಂದಳು. ಯಜಮಾನರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. "ಸರಿ" ಎಂದರು. ಬೇರೆಯವರು ಹಾಡಿದರೆ ಹಾಡೇ ಬೇಡ ಎನ್ನಲು ನಾನು ಬಾಯಿ ತೆರೆದಿದ್ದೆ, ಅದರ ಅಗತ್ಯ ಬೀಳಲಿಲ್ಲ.

ಇನ್ನು ಹಸಿರು ಚೀಟಿಯದ್ದು. ಅದರಲ್ಲಿ ಏನೂ ಇಲ್ಲ ಅಂದೆಯಲ್ಲ? ಮೌನಿ ಅದನ್ನು ಹಾಕಿ ಕೇಳಿ, ಕುಣಿದಳು. ನಿಜವಾಗಿ ಕುಣಿದಳು. ರಾಕ್ ಹಾಡು ಶುರುವಾಗುವ ಮೊದಲು ಯಾರಾದರೂ ನಾಲ್ಕು ಎಣಿಸಬೇಕಪ್ಪ, ಎಲ್ಲರೂ ಒಟ್ಟಿಗೆ ಶುರುಮಾಡಲು. ಈಗ ನಮ್ಮ ಹಾಡು ಹೀಗೆ ಶುರುವಾಗುತ್ತದೆ: ಮೊದಲು ನಾನು ಆರರಿಂದ ಇಪ್ಪತ್ತಾರರವರೆಗೆ ಇಳಿದು ಬರುತ್ತೇನೆ. ಆಮೇಲೆ ನಿನ್ನ ಅಂಗಡಿಯ ಸದ್ದು. ಆಮೇಲೆ ನೀನು, ಹದಿನೈದು ವರ್ಷ ಚಿಕ್ಕವನು, ಅವಸರದಲ್ಲಿರುವವನು: ಒಂದು, ಎರಡು, ಮೂರು, ನಾಲ್ಕು. ನಾಲ್ಕು ಮುಗಿದದ್ದೇ ಗುಂಡನ ಏಟು ಬೀಳುತ್ತದೆ. ಅಳಿಸಿದ್ದು ಅಂತ ಇನ್ನೊಮ್ಮೆ ಅನ್ನಬೇಡ.

ಅಮ್ಮನಿಗೆ ಹೇಳು, ಮಾತು ಬಿಟ್ಟದ್ದು ಸಾಕು. ಮೇ ಮೊದಲ ವಾರ ಟಿವಿಯಲ್ಲಿ ಬರುತ್ತದೆ. ತಲೆ ಬಾಚಿಲ್ಲ.

ಗುಬ್ಬಿ

*

ಮೇ ೭

ಗುಬ್ಬಿ,

ಕಾರ್ಡಿನಲ್ಲಿ ಜಾಗ ಕಡಿಮೆ, ಚಿಕ್ಕದಾಗಿ ಬರೆಯುತ್ತೇನೆ. ನಿನ್ನೆ ಸಂಜೆ ಬಂತು. ರಿಪೇರಿಗೆ ಬಂದ ಟಿವಿಗಳಲ್ಲಿ ಸರಿಯಾಗಿದ್ದ ನಾಲ್ಕನ್ನೂ ಹಚ್ಚಿದೆ. ಅಂಗಡಿ ತುಂಬ ಜನ. ತೂತಿನ ರೇಡಿಯೊದವನೂ ಇದ್ದ. ನಿನ್ನಮ್ಮ ಮುಂದಿನ ಸ್ಟೂಲಿನಲ್ಲಿ, ನನ್ನ ತೋಳು ಹಿಡಿದು. ರೇಡಿಯೊಗಳನ್ನೆಲ್ಲ ಆಫ್ ಮಾಡಿದೆ. ಯಾರೂ ಕರೆಂಟ್ ಹೋಯ್ತಾ ಅನ್ನಲಿಲ್ಲ.

ಪರದೆಯ ಮೇಲೆ ಧೂಳು ಕೆಳಗಿಳಿಯಲು ಮನಸ್ಸಿಲ್ಲದೆ ಗಾಳಿಯಲ್ಲೇ ನಿಂತಿತ್ತು. ನಿನ್ನ ಕೂದಲು ಎದ್ದು ಬೀಳುವಷ್ಟರಲ್ಲಿ ನಾನು ಎರಡು ಸಲ ಉಸಿರಾಡಿದೆ. ತುಟಿ ಮಾತ್ರ ಸರಿಯಾಗಿ ಹೇಳುತ್ತಿತ್ತು. ಅದು ಹೇಗೆಂದು ನೀನು ವಿವರವಾಗಿ ಬರೆದಿದ್ದೆ, ನನಗೆ ಅರ್ಥವೂ ಆಗಿತ್ತು. ಆದರೂ ನಂಬಲಾಗಲಿಲ್ಲ ಮಗಳೇ. ಅಂಗಡಿಯ ಸ್ಕ್ರೂ ಡಬ್ಬಿ ಪೂರ್ತಿ ಗಲಗಲ ನಡುಗಿತು. ಆಕಾಶ ಅಂಗಡಿಯೊಳಗೆ ಬಂದು ಕೂತಂತಿತ್ತು, ಅದು ನನ್ನ ಮಗಳ ದನಿಯಾಗಿತ್ತು.

ಕೊನೆಯಲ್ಲಿ ಎಲ್ಲ ವಾದ್ಯ ನಿಂತು ನೀನೊಬ್ಬಳೇ ಕ್ಯಾಮೆರಾ ನೋಡಿ ಕೇಳಿದೆಯಲ್ಲ, "ಸಾಕಾ?" ಎಂದು, ನನಗೇ ತಿಳಿಯದೆ ಗಟ್ಟಿಯಾಗಿ ಹೇಳಿಬಿಟ್ಟೆ. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ನೋಡಲಿ. ನೀನು ಕೇಳಿ ಹದಿನೈದು ವರ್ಷವಾಗಿತ್ತು, ನಾನು ಹೇಳಲೇಬೇಕಿತ್ತು:

ಇನ್ನೊಂದ್ಸಲ.

ಅಪ್ಪ